ಓದುಗರ ಪ್ರಶ್ನೆ: ಬಂಡೆಯ ಮೇಲೆ ಹಕ್ಕಿ ಹೆಜ್ಜೆ?

ಪ್ರಶ್ನೆ: ನಮ್ಮೂರ ಬಂಡೆಯ ಮೇಲೆ ಗೇಣುದ್ದದ, ಮೂರು ಬೆರಳಿನ ಗುರುತಿದೆ. ಹಳೆಯ ಕಾಲದ ಹಕ್ಕಿಯದೇ? (ಮಧುಗಿರಿ)

ಅಲ್ಲ. ಮಧುಗಿರಿ, ಪಾವಗಡದ ಬೆಟ್ಟಗಳು ಗ್ರಾನೈಟ್. ನೆಲದಾಳದಲ್ಲಿ ಶಿಲಾರಸ ಆರಿ ಗಟ್ಟಿಯಾದ ಕಲ್ಲಿನ ಮೇಲೆ ಹೆಜ್ಜೆ ಮೂಡುವುದಿಲ್ಲ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಜರ್ಮನಿಯಲ್ಲಿ ಸಿಕ್ಕ ಆದಿಪಕ್ಷಿ ಆರ್ಕಿಯೋಪ್ಟೆರಿಕ್ಸ್ ಬದುಕಿದ್ದು ಸುಮಾರು 15 ಕೋಟಿ ವರ್ಷದ ಹಿಂದೆ. ಬಿರುಕುಗಳು ಕೂಡುವಲ್ಲಿ ಮಳೆನೀರು ನಿಂತು ಕಲ್ಲು ಸವೆದರೆ ಇಂಥ ಕವಲು ಗುರುತು ಕಾಣುತ್ತದೆ.

ಪ್ರಶ್ನೆ: ಹಾಗಾದರೆ ಎಂಥ ಕಲ್ಲಲ್ಲಿ ಹುಡುಕಬೇಕು? ಡೈನೋಸಾರ್ ಹೆಜ್ಜೆಗೂ ಹಕ್ಕಿಯದಕ್ಕೂ ಏನು ವ್ಯತ್ಯಾಸ? (ಶಿಡ್ಲಘಟ್ಟ)

ಕೆಸರುಗಲ್ಲು, ಮರಳುಗಲ್ಲಿನ ಪದರಗಳಲ್ಲಿ. ಕೆರೆಯಂಚಿನ ನುಣುಪು ಕೆಸರು ತೀರ ನೀರಾಗಿದ್ದರೆ ಹೆಜ್ಜೆ ಮುಚ್ಚಿಹೋಗುತ್ತದೆ, ಒಣಗಿದ್ದರೆ ಮೂಡುವುದೇ ಇಲ್ಲ. ಹದದಲ್ಲಿ ಮೂಡಿ, ತುಸು ಒಣಗಿ, ಮೇಲೆ ಬೇರೆ ಬಗೆಯ ಹೂಳು ಮೆಲ್ಲಗೆ ಕೂತರಷ್ಟೇ ಮುಂದೆ ಪದರ ಬಿಡಿಸಿದಾಗ ಸಿಗುತ್ತದೆ. ದಕ್ಷಿಣ ಕೊರಿಯಾದ ಹೇನಾಮ್‌ನಲ್ಲಿ ಜಾಲಪಾದದ ಹಕ್ಕಿಗಳ ಹೆಜ್ಜೆ ಹೀಗೇ ಉಳಿದಿವೆ.

ಹಕ್ಕಿಯ ಬೆರಳು ಸಣ್ಣಗೆ, ಅಗಲಕ್ಕೆ ಹರಡಿರುತ್ತವೆ: ಹೊರಗಿನ ಎರಡು ಬೆರಳುಗಳ ನಡುವೆ ಸಾಮಾನ್ಯವಾಗಿ 90 ಡಿಗ್ರಿಗೂ ಹೆಚ್ಚು. ಮಾಂಸಾಹಾರಿ ಡೈನೋಸಾರ್‌ಗಳ ಬೆರಳು ದಪ್ಪ, ಕೋನ ಕಿರಿದು. ಹಿಂಬೆರಳಿನ ಗುರುತಿದ್ದರೆ ಬಲವಾದ ಸಾಕ್ಷಿ; ಇಲ್ಲದಿದ್ದರೆ ಹಕ್ಕಿಯಲ್ಲ ಎನ್ನಬೇಡಿ, ಟಿಟ್ಟಿಭದ ಹೆಜ್ಜೆಯಲ್ಲೂ ಅದು ಕಾಣುವುದು ಅಪರೂಪ. ಅಮೆರಿಕದ ಎಡ್ವರ್ಡ್ ಹಿಚ್‌ಕಾಕ್ 1836ರಲ್ಲಿ ದೈತ್ಯ ಹಕ್ಕಿಗಳದೆಂದು ವಿವರಿಸಿದ ಹೆಜ್ಜೆಗಳು ಡೈನೋಸಾರ್‌ಗಳವೆಂದು ಆಮೇಲೆ ತಿಳಿಯಿತು. ಒಂದೇ ಹೆಜ್ಜೆ ನಂಬದೆ ಇಡೀ ಸಾಲನ್ನು ಅಳೆಯಿರಿ.

ಪ್ರಶ್ನೆ: ಮಕ್ಕಳಿಂದ ಕೆರೆಯಂಗಳದಲ್ಲಿ ಅಚ್ಚು ತೆಗೆಸುವುದು ಹೇಗೆ? (ಶಿರಾ)

ಕಗ್ಗಲಡು ಕಡೆ ಹೋದರೆ ಕೊಕ್ಕರೆಗಳು ಗೂಡು ಕಟ್ಟಿರುವ ಹುಣಸೆಮರಗಳಿಂದ ದೂರವಿರಿ, ಕೆರೆಯಂಚೇ ಸಾಕು. ಹೆಜ್ಜೆಯ ಸುತ್ತ 4 ಸೆಂ.ಮೀ. ಎತ್ತರದ ರಟ್ಟಿನ ಪಟ್ಟಿ ಊರಿ. ಒಂದು ಲೋಟ ನೀರಿಗೆ ಎರಡು ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸ್ ಉದುರಿಸಿ, ನಿಧಾನ ಕಲಕಿ. ಪುಡಿಗೆ ನೀರು ಸುರಿದರೆ ಗಂಟು, ರಭಸದಿಂದ ಕಲಕಿದರೆ ಗುಳ್ಳೆ. ದೋಸೆ ಹಿಟ್ಟಿನ ಹದ ಬಂದ ಕೂಡಲೇ ಪಟ್ಟಿಯ ಅಂಚಿನಿಂದ ಹರಿಯಬಿಡಿ. ಬೆರಳಿನ ಮೇಲೆ ನೇರ ಸುರಿದರೆ ಕೆಸರು ಒಡೆಯುತ್ತದೆ. ಕನಿಷ್ಠ 40 ನಿಮಿಷ ಬಿಡಿ. ಒದ್ದೆ ನೆಲದಲ್ಲಿ ಇನ್ನೂ ತಡ. ತೇವ ಹೀರಿದ ಹಳೆಯ ಪ್ಲಾಸ್ಟರ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಎಳೆಯಬೇಡಿ, ಸುತ್ತಲ ಮಣ್ಣಿನ ಸಮೇತ ಎತ್ತಿ, ಒಂದು ದಿನ ಒಣಗಿದ ಮೇಲೆ ಮೃದು ಬ್ರಷ್‌ನಿಂದ ತೊಳೆಯಿರಿ. ಉಳಿದ ಪ್ಲಾಸ್ಟರ್ ಕೆರೆಗೆ ಸುರಿಯಬೇಡಿ. ಕೆರೆಯ ಹೆಸರು, ದಿನಾಂಕವನ್ನು ಮೇಲ್ಮೈ ಮೆತ್ತಗಿರುವಾಗಲೇ ಕಡ್ಡಿಯಿಂದ ಗೀರಿ.