ವಾಹನ ವಿಚಾರ: ದೀಪ ಹೊತ್ತಿದೆ, ಗಾಡಿ ಎಳೆಯುತ್ತಿಲ್ಲ

ಮಳೆಗಾಲ ಮುಗಿಯುತ್ತಿದ್ದಂತೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಜಿನ್ ದೀಪವನ್ನೂ ಎಳೆತದ ಕೊರತೆಯನ್ನೂ ಕುರಿತವೇ ಆಗಿವೆ. ಬರೆದವರೆಲ್ಲ ಉತ್ತರ ಕನ್ನಡದವರಾದ್ದರಿಂದ ಈ ಸಲ ಅವುಗಳಿಗೆ ಒಟ್ಟಿಗೇ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನದು 2018ರ ಡೀಸೆಲ್ ಕಾರು, 1,10,000 ಕಿ.ಮೀ. ಓಡಿದೆ. ಕುಮಟಾದಿಂದ ಬರುವಾಗ ದೇವಿಮನೆ ಘಟ್ಟದಲ್ಲಿ ನಾಲ್ವರನ್ನು ಕೂರಿಸಿಕೊಂಡು ಮೂರನೇ ಗೇರಿನಲ್ಲಿ ಏರುತ್ತಿದ್ದಾಗ ಹಳದಿ ಇಂಜಿನ್ ದೀಪ ಹೊತ್ತಿಕೊಂಡಿತು. ಆಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ಏಳಲಿಲ್ಲ. ಹತ್ತು ನಿಮಿಷ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಶಕ್ತಿ ಮರಳಿತು, ದೀಪ ಮಾತ್ರ ಆರಲಿಲ್ಲ. ಗ್ಯಾರೇಜಿನವರು ಸ್ಕ್ಯಾನರಿನಲ್ಲಿ ಪಿ0299 ಎಂಬ ಸಂಕೇತ ತೋರಿಸಿ, ಟರ್ಬೊ ಬದಲಿಸಬೇಕು ಎಂದರು. ಶಿರಸಿ ಎತ್ತರದಲ್ಲಿರುವುದರಿಂದ ಹೀಗಾಗುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಯಾರ ಮಾತು ನಂಬಲಿ?
— ಓದುಗರು, ಶಿರಸಿ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಪಿ0299 ಎಂದರೆ, ಇಂಜಿನ್ನಿನ ಗಣಕ ಕೇಳಿದಷ್ಟು ಗಾಳಿಯ ಒತ್ತಡ ಸಿಲಿಂಡರಿನ ಬಾಗಿಲಿಗೆ ಬರಲಿಲ್ಲ ಎಂಬ ದೂರು. ಆ ಒತ್ತಡ, ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಟರ್ಬೊದಲ್ಲಿಯೇ ಹುಟ್ಟಲಿಲ್ಲವೋ, ಹುಟ್ಟಿದ್ದು ದಾರಿಯಲ್ಲಿ ಸೋರಿಹೋಯಿತೋ, ಅಥವಾ ಸರಿಯಾಗಿ ಬಂದದ್ದನ್ನು ಸೆನ್ಸರ್ ತಪ್ಪಾಗಿ ಅಳೆಯಿತೋ ಎಂಬುದು ಆ ನಾಲ್ಕು ಅಂಕಿಗಳಲ್ಲಿ ಇಲ್ಲ. ಜ್ವರವಿದೆ ಎಂದು ಥರ್ಮಾಮೀಟರ್ ತೋರಿಸಿದರೆ ಕಾರಣವನ್ನು ಬೇರೆಯಾಗಿಯೇ ಹುಡುಕುತ್ತೇವಷ್ಟೆ, ಇಲ್ಲಿಯೂ ಹಾಗೆಯೇ.

ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಸ್ಕ್ಯಾನರಿನ ಸಂಕೇತಕ್ಕಿಂತ ಹೆಚ್ಚಾಗಿ, ಬಂದ್ ಮಾಡಿ ಚಾಲೂ ಮಾಡಿದಾಗ ಶಕ್ತಿ ಮರಳಿತು ಎಂಬ ಮಾತು. ಒತ್ತಡದ ಲೆಕ್ಕ ತಪ್ಪಿದೊಡನೆ ಗಣಕವು ಇಂಜಿನ್ನನ್ನು ಕಾಪಾಡಲು ಡೀಸೆಲ್ ಕಡಿತಗೊಳಿಸಿ ಗಾಡಿಯನ್ನು ಕುಂಟುನಡಿಗೆಗೆ ಇಳಿಸುತ್ತದೆ. ಕೀಲಿ ತಿರುಗಿಸಿ ಮತ್ತೆ ಚಾಲೂ ಮಾಡಿದಾಗ ಹೊಸದಾಗಿ ಪರೀಕ್ಷಿಸಿ ಪೂರ್ಣ ಶಕ್ತಿ ಕೊಡುತ್ತದೆ. ಟರ್ಬೊದ ರೆಕ್ಕೆ ಮುರಿದಿದ್ದರೆ ಅಥವಾ ಅದರ ದಂಡ ಸವೆದಿದ್ದರೆ ಹತ್ತು ನಿಮಿಷದ ವಿಶ್ರಾಂತಿಯಿಂದ ಅದು ಗುಣವಾಗುವುದಿಲ್ಲ. ಹಾಗಾಗಿ ಭಾರ ಬಿದ್ದಾಗ ಮಾತ್ರ ತೆರೆದುಕೊಳ್ಳುವ ಸೋರಿಕೆ, ಅಥವಾ ಆಗಾಗ ಸಿಕ್ಕಿಕೊಳ್ಳುವ ಭಾಗ, ಇವೆರಡರ ಮೇಲೆ ನನ್ನ ಅನುಮಾನ ಹೆಚ್ಚು. ಹೆದ್ದಾರಿಯ ಸಮತಟ್ಟಿನಲ್ಲಿ ಟರ್ಬೊಗೆ ಕೆಲಸ ಕಡಿಮೆ. ಘಟ್ಟದಲ್ಲಾದರೋ ಅದು ನಿಮಿಷಗಟ್ಟಲೆ ಪೂರ್ಣ ಒತ್ತಡ ಕೊಡುತ್ತಲೇ ಇರಬೇಕಾಗುತ್ತದೆ. ಕುಮಟಾ ಪೇಟೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದ ರಬ್ಬರ್ ಕೊಳವೆಯ ಸೀಳು ದೇವಿಮನೆಯ ತಿರುವಿನಲ್ಲಿ ಬಾಯಿ ತೆರೆಯುತ್ತದೆ.

ಎತ್ತರದ ವಾದದಲ್ಲಿ ತುಸು ಸತ್ಯವಿದೆ, ಆದರೆ ಅದು ನಿಮ್ಮ ಕಾರಿಗೆ ಸಲ್ಲದು. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಟರ್ಬೊ ಇಲ್ಲದ ಇಂಜಿನ್ ಪ್ರತಿ 100 ಮೀಟರಿಗೆ ಸುಮಾರು ಶೇಕಡಾ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇರುವ ಇಂಜಿನ್ ಅದನ್ನೂ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಈ ಎತ್ತರಕ್ಕೆ ದೀಪ ಹೊತ್ತುವುದಾದರೆ ಘಟ್ಟದ ಮೇಲಿನ ಎಲ್ಲ ಗಾಡಿಗಳಲ್ಲಿಯೂ ಅದು ಉರಿಯುತ್ತಿರಬೇಕಿತ್ತು. ಆದರೆ ಇದೇ ಎತ್ತರವನ್ನು ಸೆನ್ಸರ್ ಪರೀಕ್ಷೆಗೆ ಬಳಸಿಕೊಳ್ಳಬಹುದು. ಇಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ, ಒತ್ತಡದ ಸೆನ್ಸರ್ ಏನು ಹೇಳುತ್ತದೆ ಎಂದು ಸ್ಕ್ಯಾನರಿನಲ್ಲಿ ನೋಡಿ. ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಕುಮಟಾದಲ್ಲಿ ಸುಮಾರು 100 ಕಿಲೋಪಾಸ್ಕಲ್, ಶಿರಸಿಯಲ್ಲಿ ಸುಮಾರು 94. ಶಿರಸಿಯ ಅಂಗಳದಲ್ಲಿ ನಿಂತ ಗಾಡಿಯ ಸೆನ್ಸರ್ 80 ಎಂದು ಹೇಳಿದರೆ ಟರ್ಬೊ ಸುದ್ದಿಗೆ ಹೋಗುವುದೇ ಬೇಡ.

ಸೆನ್ಸರ್ ಸರಿಯಿದ್ದರೆ ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಬಳಿಕ ಟರ್ಬೊದಿಂದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ಕೊಳವೆಗಳನ್ನೂ ಕ್ಲಿಪ್ಪುಗಳನ್ನೂ ಕೈಯಿಂದ ಹಿಡಿದು ತಿರುಚಿ ನೋಡಿ. ಒಳಗೆ ತೆಳುವಾದ ಎಣ್ಣೆಪಸೆ ಸಹಜ. ಕ್ಲಿಪ್ಪಿನ ಹೊರಗೆ ಎಣ್ಣೆ ಮತ್ತು ಧೂಳು ಸೇರಿ ಕಪ್ಪು ಮೆತ್ತಿಕೊಂಡಿದ್ದರೆ ಸೋರಿಕೆ ಅಲ್ಲಿಯೇ ಇರುವ ಸಂಭವ ಹೆಚ್ಚು. ಏರುವಾಗ ಸುಯ್ಯೆಂಬ ಸದ್ದು ಮತ್ತು ಕಪ್ಪು ಹೊಗೆ ಇದ್ದವೇ ಎಂದೂ ನೆನಪಿಸಿಕೊಳ್ಳಿ. ನಿಮ್ಮ ಟರ್ಬೊ ನಿರ್ವಾತದಿಂದ ನಿಯಂತ್ರಿತವಾಗುವ ಬಗೆಯದಾದರೆ, ಸೇದುಕಡ್ಡಿಯಷ್ಟು ದಪ್ಪದ ನಿರ್ವಾತದ ಕೊಳವೆ ಒಣಗಿ ಬಿರುಕು ಬಿಟ್ಟಿರಬಹುದು, ಇಲ್ಲವೇ ಮಸಿ ಕಟ್ಟಿ ಒಳಗಿನ ಅಲಗುಗಳು ಸಿಕ್ಕಿಕೊಂಡಿರಬಹುದು. ಕೈಪಂಪಿನಿಂದ ನಿರ್ವಾತ ಕೊಟ್ಟಾಗ ಆ ಅಲಗುಗಳನ್ನು ತಿರುಗಿಸುವ ಆಕ್ಚುಯೇಟರಿನ ಕಡ್ಡಿ ತಡೆಯಿಲ್ಲದೆ ಚಲಿಸಿ ಅಲ್ಲೇ ನಿಲ್ಲಬೇಕು. ಹೊಗೆಯ ಒಂದು ಪಾಲನ್ನು ಮರಳಿ ಇಂಜಿನ್ನಿಗೆ ಕಳಿಸುವ ಇಜಿಆರ್ ಕವಾಟ ಪೂರ್ತಿ ಮುಚ್ಚಿಕೊಳ್ಳದಿದ್ದರೂ ಇದೇ ಸಂಕೇತ ಬರಬಹುದು. ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಟರ್ಬೊದ ಬಾಯಿ ಬಿಚ್ಚಿ ದಂಡವನ್ನು ಬೆರಳಿನಿಂದ ಅಲುಗಾಡಿಸಿ ನೋಡಬೇಕು. ಅಡ್ಡಡ್ಡಲಾಗಿ ಕೂದಲೆಳೆಯಷ್ಟು ಸಡಿಲವಿದ್ದರೆ ದೋಷವಲ್ಲ. ಹಿಂದೆ ಮುಂದೆ ಸರಿಯುವುದು ಕೈಗೆ ತಿಳಿದರೆ ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತು ಕಂಡರೆ ಗ್ಯಾರೇಜಿನವರ ಮಾತು ನಿಜವೆಂದು ತಿಳಿಯಿರಿ.

ಕೊನೆಗೆ ಸ್ಕ್ಯಾನರ್ ಜೋಡಿಸಿಕೊಂಡೇ ಅದೇ ಘಟ್ಟವನ್ನು ಇನ್ನೊಮ್ಮೆ ಹತ್ತಿ. ಪಕ್ಕದಲ್ಲಿ ಕುಳಿತವರು ಗಣಕ ಕೇಳಿದ ಒತ್ತಡವನ್ನೂ ನಿಜವಾಗಿ ಬಂದ ಒತ್ತಡವನ್ನೂ ಓದುತ್ತ ಹೋಗಲಿ. ಚಾಲಕರು ಓದುವ ಸಾಹಸ ಬೇಡ. ದೋಷ ಹೋದ ಮೇಲೂ ದೀಪ ಕೂಡಲೇ ಆರದಿದ್ದರೆ ಗಾಬರಿಯಾಗಬೇಡಿ, ಸಾಮಾನ್ಯವಾಗಿ ಸತತ ಮೂರು ಓಟಗಳು ದೋಷವಿಲ್ಲದೆ ಮುಗಿದ ಮೇಲೆಯೇ ಅದು ತಾನಾಗಿ ಆರುತ್ತದೆ.

ಪ್ರಶ್ನೆ: ಕಾರವಾರದಿಂದ ಹುಬ್ಬಳ್ಳಿಗೆ ಮೀನು ಸಾಗಿಸುವ ಬಿಎಸ್6 ಲಾರಿ ನಮ್ಮದು. ಆಡ್‌ಬ್ಲೂ ಟ್ಯಾಂಕ್ ತುಂಬಿಯೇ ಇದೆ, ಆದರೂ ಅದರ ದೀಪದ ಜೊತೆಗೆ ಇಂಜಿನ್ ದೀಪವೂ ಹೊತ್ತಿ, ಅರಬೈಲು ಘಟ್ಟದಲ್ಲಿ ಲಾರಿ ತೆವಳುತ್ತದೆ. ಡೀಸೆಲ್ ಫಿಲ್ಟರ್ ಎರಡು ಸಲ ಬದಲಿಸಿದ್ದಾಯಿತು.
— ಲಾರಿ ಮಾಲೀಕರು, ಕಾರವಾರ

ಉತ್ತರ: ಈ ದೋಷಕ್ಕೂ ಡೀಸೆಲ್ ಫಿಲ್ಟರಿಗೂ ಸಂಬಂಧವಿರುವಂತೆ ಕಾಣುವುದಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ಎಂಬ ಹೊಗೆ ನಿಯಂತ್ರಣ ನಿಯಮದ ಲಾರಿಗಳಲ್ಲಿ ಹೊಗೆಯೊಳಗಿನ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲು ಆಡ್‌ಬ್ಲೂ ಎಂಬ ಯೂರಿಯಾ ದ್ರವವನ್ನು ಸೈಲೆನ್ಸರಿನ ದಾರಿಯಲ್ಲಿ ಸಿಂಪಡಿಸಲಾಗುತ್ತದೆ. ಗಣಕ ನೋಡುವುದು ಟ್ಯಾಂಕಿನ ಮಟ್ಟವನ್ನು ಮಾತ್ರವಲ್ಲ. ಸಿಂಪಡಿಸಿದ ಮೇಲೆ ಹೊಗೆ ನಿಜವಾಗಿ ಶುದ್ಧವಾಯಿತೇ ಎಂಬುದನ್ನು ಸೈಲೆನ್ಸರಿನಲ್ಲಿರುವ ಸೆನ್ಸರಿನಿಂದ ತಿಳಿದುಕೊಳ್ಳುತ್ತದೆ. ಆಗಿಲ್ಲವೆಂದು ಕಂಡರೆ ಮೊದಲು ಎಚ್ಚರಿಸಿ, ಬಳಿಕ ಶಕ್ತಿಯನ್ನು ಕಡಿತಗೊಳಿಸುತ್ತದೆ. ಇಂಜಿನ್ ಗಟ್ಟಿಯಾಗಿದ್ದರೂ ಲಾರಿ ತೆವಳುವುದು ಇದರಿಂದ.

ದ್ರವದಲ್ಲಿ ಯೂರಿಯಾ ಶೇಕಡಾ 32.5 ಇರಬೇಕು, ಉಳಿದದ್ದು ಖನಿಜಾಂಶ ತೆಗೆದ ನೀರು. ಬಿಡಿಯಾಗಿ ಕೊಂಡದ್ದರಲ್ಲಿ ನೀರು ಹೆಚ್ಚಿದ್ದರೆ ಟ್ಯಾಂಕ್ ತುಂಬಿದ್ದೂ ಪ್ರಯೋಜನವಿಲ್ಲ. ರಿಫ್ರಾಕ್ಟೋಮೀಟರ್ ಎಂಬ ಚಿಕ್ಕ ಉಪಕರಣಕ್ಕೆ ಒಂದು ಹನಿ ಹಾಕಿದರೆ ಸಾಂದ್ರತೆ ತಿಳಿಯುತ್ತದೆ. ಡಬ್ಬಿಯನ್ನು ಕ್ಯಾಬಿನ್ನಿನ ಮೇಲೆ ಬಿಸಿಲಿನಲ್ಲಿಟ್ಟು ತಿರುಗುವ ರೂಢಿಯನ್ನೂ ಬಿಡಬೇಕು, ಏಕೆಂದರೆ 30 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಅದು ಬೇಗ ಕೆಡುತ್ತದೆ. ಗದ್ದೆಗೆ ಹಾಕುವ ಯೂರಿಯಾವನ್ನು ಬಾವಿಯ ನೀರಿನಲ್ಲಿ ಕದಡಿ ಸುರಿದವರನ್ನು ನಾನು ಬಲ್ಲೆ. ಉಳಿಸಿದ ಹಣದ ಹಲವು ಪಟ್ಟು ಅವರು ಪಂಪಿಗೂ ಕೆಟಲಿಸ್ಟಿಗೂ ತೆತ್ತರು.

ದ್ರವ ಸರಿಯಿದ್ದರೆ ಸಿಂಪಡಿಸುವ ನಳಿಕೆಯನ್ನು ಬಿಚ್ಚಿಸಿ. ಬಾಯಿಯಲ್ಲಿ ಉಪ್ಪಿನಂಥ ಬಿಳಿ ಹರಳು ಕಟ್ಟಿದ್ದರೆ ಬಿಸಿನೀರಿನಲ್ಲಿ ಕರಗುತ್ತದೆ, ಕೆರೆಯಬಾರದು. ಆದರೆ ನಿಮ್ಮ ಲಾರಿಯಲ್ಲಿ ನಾನಾಗಿದ್ದರೆ ಇದಕ್ಕೂ ಮೊದಲು ಚಾಸಿಯ ಪಕ್ಕದ ವಯರಿನ ಜೋಡಣೆಗಳನ್ನು ನೋಡುತ್ತಿದ್ದೆ. ಮೀನಿನ ಪೆಟ್ಟಿಗೆಗಳಿಂದ ಕರಗಿ ಇಳಿಯುವ ಐಸಿನ ಉಪ್ಪುನೀರು ನೇರವಾಗಿ ಅವುಗಳ ಮೇಲೆಯೇ ತೊಟ್ಟಿಕ್ಕುತ್ತದೆ, ಅದರ ಮೇಲೆ ಕಡಲ ಗಾಳಿ ಬೇರೆ. ಜೋಡಣೆಯನ್ನು ಬಿಡಿಸಿದಾಗ ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡರೆ ಸೆನ್ಸರಿನ ಮಾತು ಗಣಕದವರೆಗೆ ತಲುಪುತ್ತಿಲ್ಲ ಎಂದರ್ಥ. ಸ್ವಚ್ಛಗೊಳಿಸಿ, ಹಾಳಾದ ಪಿನ್ ಬದಲಿಸಿ, ನೀರು ಬೇರೆಡೆ ಹರಿಯುವಂತೆ ಕೊಳವೆ ಕೂರಿಸಿ. ಇಡೀ ವ್ಯವಸ್ಥೆಯನ್ನೇ ವಂಚಿಸುವ ಪೆಟ್ಟಿಗೆ ಕೂರಿಸಿಕೊಡುತ್ತೇವೆಂದು ಬರುವವರನ್ನು ವಾಪಸು ಕಳಿಸಿ, ಅದು ಕಾನೂನುಬಾಹಿರ.

ಪ್ರಶ್ನೆ: ನನ್ನ ಬಿಎಸ್6 ಡೀಸೆಲ್ ಕಾರು ಮನೆಯಿಂದ ಶಾಲೆಗೆ, ಪೇಟೆಗೆ ದಿನಕ್ಕೆ ನಾಲ್ಕೈದು ಕಿ.ಮೀ. ಮಾತ್ರ ಓಡುತ್ತದೆ. ಡಿಪಿಎಫ್ ದೀಪ ಪದೇ ಪದೇ ಹೊತ್ತುತ್ತದೆ.
— ಶಿಕ್ಷಕಿ, ಅಂಕೋಲಾ

ಉತ್ತರ: ಹೊಗೆಯ ಮಸಿಯನ್ನು ಹಿಡಿದಿಡುವ ಆ ಜಾಲರಿಯನ್ನು ಇಂಜಿನ್ ಆಗಾಗ ಸುಮಾರು 600 ಡಿಗ್ರಿಗೆ ಕಾಯಿಸಿ ತಾನೇ ಸುಟ್ಟು ಶುಚಿ ಮಾಡಿಕೊಳ್ಳಬೇಕು. ನಾಲ್ಕು ಕಿ.ಮೀ. ಓಟದಲ್ಲಿ ಅದು ಬಿಸಿಯಾಗುವಷ್ಟರಲ್ಲೇ ನೀವು ಬಂದ್ ಮಾಡುತ್ತೀರಿ. ದೀಪ ಹಳದಿಯಿರುವಾಗಲೇ ಕುಮಟಾದವರೆಗೆ ಹೆದ್ದಾರಿಯಲ್ಲಿ 60 ಕಿ.ಮೀ.ಗಿಂತ ತುಸು ಹೆಚ್ಚಿನ ಒಂದೇ ವೇಗದಲ್ಲಿ ನಿಲ್ಲಿಸದೆ ಹೋಗಿಬನ್ನಿ, ಬಹುಪಾಲು ಆರುತ್ತದೆ. ಇಂಜಿನ್ ದೀಪವೂ ಸೇರಿ ಶಕ್ತಿ ಕುಂದಿದ್ದರೆ ಈ ಉಪಾಯದ ಕಾಲ ಮೀರಿದೆ, ಗ್ಯಾರೇಜಿಗೇ ಒಯ್ಯಿರಿ. ಆಯಿಲ್ ಕಡ್ಡಿಯನ್ನೂ ನೋಡಿ: ಅರ್ಧಕ್ಕೆ ನಿಂತ ಶುಚಿಕಾರ್ಯಗಳಿಂದ ಡೀಸೆಲ್ ಕೆಳಗಿಳಿದು ಆಯಿಲ್ ಮಟ್ಟ ಏರಿದ್ದರೆ ಅದನ್ನು ಬದಲಿಸಲೇಬೇಕು. ನಿಮ್ಮ ಓಡಾಟಕ್ಕೆ ಪೆಟ್ರೋಲ್ ಕಾರೇ ಸಾಕಿತ್ತು ಎಂದು ಈಗ ಹೇಳಿದರೆ ಬೇಸರಿಸಬೇಡಿ.

ಪ್ರಶ್ನೆ: ಜೋರು ಮಳೆಯಲ್ಲಿ ಪೆಟ್ರೋಲ್ ಕಾರಿನ ಇಂಜಿನ್ ದೀಪ ಮಿಣಕುತ್ತದೆ, ಇಂಜಿನ್ ನಡುಗುತ್ತದೆ. ಓಡಿಸಬಹುದೇ?
— ಓದುಗರು, ಹೊನ್ನಾವರ

ಉತ್ತರ: ಮಿಣಕುವ ದೀಪ ಒಂದೇ ಸಮನೆ ಉರಿಯುವ ದೀಪಕ್ಕಿಂತ ಗಂಭೀರ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೊರಬಿದ್ದು ಹೊಗೆ ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ. ಆಕ್ಸಿಲರೇಟರ್ ಬಿಟ್ಟು, ಆದಷ್ಟು ಬೇಗ ನಿಲ್ಲಿಸಿ. ಪ್ಲಗ್ಗಿನ ಗುಳಿಯಲ್ಲಿ ನೀರು ನಿಂತಿದೆಯೇ ನೋಡಿಸಿ, ಒರೆಸಿ ಒಣಗಿಸಿ. ಆಮೇಲೂ ಒಂದನೇ ಸಿಲಿಂಡರ್ ಉರಿಯುತ್ತಿಲ್ಲ ಎನ್ನುವ ಪಿ0301 ಸಂಕೇತ ಬರುತ್ತಿದ್ದರೆ ಅದರ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲನ್ನು ಎರಡನೆಯದಕ್ಕೆ ಅದಲುಬದಲು ಮಾಡಿ. ಸಂಕೇತ ಪಿ0302 ಆದರೆ ದೋಷ ಕಾಯಿಲಿನದೇ. ಖರ್ಚಿಲ್ಲದ ಪರೀಕ್ಷೆ ಇದು.

ಪ್ರಶ್ನೆ: ಬ್ಯಾಟರಿಯ ವಯರ್ ಕಳಚಿ ಹಾಕಿದರೆ ಇಂಜಿನ್ ದೀಪ ಆರುತ್ತದೆ, ಎರಡು ದಿನದಲ್ಲಿ ಮತ್ತೆ ಬರುತ್ತದೆ. ಕಾರು ರಾತ್ರಿ ಅಡಿಕೆ ಅಟ್ಟದ ಪಕ್ಕದ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ.
— ತೋಟಿಗರು, ಸಿದ್ದಾಪುರ

ಉತ್ತರ: ವಯರ್ ಕಳಚುವುದನ್ನು ಇಂದೇ ನಿಲ್ಲಿಸಿ. ದೋಷ ಕಾಣಿಸಿಕೊಂಡ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಇಂಜಿನ್ ತಣ್ಣಗಿತ್ತೇ ಬಿಸಿಯಾಗಿತ್ತೇ, ಭಾರ ಎಷ್ಟಿತ್ತು ಎಂಬುದನ್ನೆಲ್ಲ ಗಣಕ ಒಂದು ಪುಟದಲ್ಲಿ ಬರೆದಿಟ್ಟಿರುತ್ತದೆ. ಸಂಕೇತ ಅಳಿಸಿದಾಗ ಆ ಪುಟವೂ ಅಳಿಸಿಹೋಗುತ್ತದೆ. ಮುಂದಿನ ಸಲ ದೀಪ ಬಂದಾಗ ಹಾಗೆಯೇ ಗ್ಯಾರೇಜಿಗೆ ಒಯ್ದು ಮೊದಲು ಅದನ್ನು ಓದಿಸಿ, ಫೋಟೊ ತೆಗೆದುಕೊಳ್ಳಿ. ಒಯ್ಯುವ ಮೊದಲು ಬಾನೆಟ್ ಎತ್ತಿ ಬ್ಯಾಟರಿಯ ಹಿಂದೆ, ಇಂಜಿನ್ನಿನ ಮೇಲ್ಮುಚ್ಚಳದ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಕಾರು ನಿಲ್ಲುವ ಜಾಗವನ್ನು ಕೇಳಿದರೆ, ಅಲ್ಲಿ ಇಲಿ ಕಡಿದ ವಯರೂ ಅಡಿಕೆ ಸಿಪ್ಪೆಯ ಗೂಡೂ ಸಿಕ್ಕರೆ ನನಗೆ ಆಶ್ಚರ್ಯವಾಗದು.