ಕುಂಟುವುದು ನಿಂತಿತು ಎಂದರೆ ಕಾಲು ಗುಣವಾಯಿತು ಎಂದಲ್ಲ

ಓದುಗರ ಪ್ರಶ್ನೆ, ಪಶುವೈದ್ಯೆಯ ಉತ್ತರ

ಶಿರಸಿಯ ಈ ವಿಳಾಸಕ್ಕೆ ಬರುವುದು ಹೆಚ್ಚಾಗಿ ದನ, ಎಮ್ಮೆ, ನಾಯಿಗಳ ಪತ್ರ. ಈ ಸಲ ಕುದುರೆ ಸಾಕಿದವರೇ ಬರೆದಿದ್ದಾರೆ. ಸೂಜಿ, ಶಸ್ತ್ರಚಿಕಿತ್ಸೆ ಇಲ್ಲದೆ ಏನು ಮಾಡಬಹುದು ಎಂಬುದೇ ಎಲ್ಲರ ಪ್ರಶ್ನೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಬಂದು ಇಳಿಯುತ್ತಿದ್ದುದು ನಮ್ಮ ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ. ಇವತ್ತು ಅದೇ ಕರಾವಳಿಯಲ್ಲಿ ಕುದುರೆಯ ಕಾಲು ಮುಟ್ಟಿ ನೋಡಬಲ್ಲವರು ಕೆಲವರೇ ಇದ್ದಾರೆ. ಅದಕ್ಕೇ ಉತ್ತರ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಪ್ರಶ್ನೆ: ಡಾಕ್ಟರಮ್ಮ, ಮುರ್ಡೇಶ್ವರದ ಬೀಚಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡಾಡುವ ಹೆಣ್ಣು ಕುದುರೆ ನನ್ನದು, ಒಂಬತ್ತು ವರ್ಷದ್ದು. ಎಡ ಮುಂಗಾಲು ಮೊಣಕಾಲಿನ ಕೆಳಗೆ, ಹಿಂಬದಿಗೆ ಊದಿದೆ, ಬಿಸಿ ಇದೆ, ಕುಂಟುತ್ತಿದೆ. ಸಮುದ್ರದಲ್ಲಿ ನಿಲ್ಲಿಸಿದರೆ ಸಾಕು ಎಂದು ಒಬ್ಬರು, ಬರೆ ಹಾಕಿಸು ಎಂದು ಇನ್ನೊಬ್ಬರು ಹೇಳುತ್ತಾರೆ. ಸೀಸನ್ ಹೋದರೆ ಮನೆ ನಡೆಯುವುದಿಲ್ಲ. ಎಷ್ಟು ದಿನಕ್ಕೆ ಸರಿಹೋದೀತು?

ಉತ್ತರ: ಪತ್ರ ಕೈಗೆ ಬಂದ ದಿನವೇ ನಿಮಗೆ ಫೋನಿನಲ್ಲಿ ತುರ್ತಾಗಿ ಬೇಕಾದಷ್ಟು ಹೇಳಿದ್ದೇನೆ. ಉಳಿದವರಿಗೂ ಬೇಕಾಗುತ್ತದೆಂದು ಇಲ್ಲಿ ಪೂರ್ತಿ ಬರೆಯುತ್ತೇನೆ.

ಮೊದಲು ಬರೆಯ ಮಾತು. ದಯವಿಟ್ಟು ಬೇಡ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಕುದುರೆಗಳ ಮೇಲೆಯೇ ಪರೀಕ್ಷೆ ಮಾಡಿ 1983ರಲ್ಲಿ ವರದಿ ಪ್ರಕಟಿಸಿದರು. ಬರೆಯಿಂದ ಒಳಗಿನ ಗಾಯ ಬೇಗ ಮಾಯುವುದಿಲ್ಲ ಎಂಬುದು ಅದರಲ್ಲಿ ಸ್ಪಷ್ಟವಾಯಿತು. ಬರೆ ಹಾಕಿದ ಕುದುರೆಗಳಲ್ಲಿ ಕೆಲವು ಸುಧಾರಿಸಿದ್ದು ಸುಟ್ಟ ಗಾಯ ಆರುವವರೆಗೆ ಕೆಲಸ ಮಾಡಿಸದೆ ಬಿಟ್ಟಿದ್ದರಿಂದ. ಆ ವಿಶ್ರಾಂತಿಯನ್ನು ಸುಡದೆಯೇ ಕೊಡಬಹುದಲ್ಲ.

ನೀವು ಬರೆದ ಲಕ್ಷಣ ನೋಡಿದರೆ ಪೆಟ್ಟಾಗಿರುವುದು ಸ್ನಾಯುರಜ್ಜಿಗೆ, ಜನ ನರ ಎನ್ನುವ ಆ ದಪ್ಪ ಹುರಿಗೆ. ಕುದುರೆಯ ಮೊಣಕಾಲಿನಿಂದ ಕೆಳಗೆ ಮಾಂಸಖಂಡವೇ ಇಲ್ಲ. ಎಲುಬು, ರಜ್ಜು, ಚರ್ಮ ಅಷ್ಟೆ. ರಕ್ತಸಂಚಾರ ಕಡಿಮೆ, ಹಾಗಾಗಿ ಮಾಯುವುದು ನಿಧಾನ. ಒಣ ಮರಳಿನಲ್ಲಿ ಗೊರಸು ಹೂತುಹೋಗಿ ಪ್ರತಿ ಹೆಜ್ಜೆಗೂ ಈ ರಜ್ಜು ಹೆಚ್ಚು ಎಳೆದುಕೊಳ್ಳುತ್ತದೆ. ಅಲೆ ಬಂದು ಹೋದ ಗಟ್ಟಿ ಮರಳಿನಲ್ಲಿ ಅಷ್ಟು ತೊಂದರೆ ಇಲ್ಲ. ಬೀಚಿನಲ್ಲಿ ಕುದುರೆ ಓಡಿಸುವವರೆಲ್ಲ ನೀರಂಚಿನ ಗಟ್ಟಿ ಪಟ್ಟಿಯಲ್ಲೇ ನಡೆಸಬೇಕು.

ಸಮುದ್ರದಲ್ಲಿ ನಿಲ್ಲಿಸುವ ಸಲಹೆಯಲ್ಲಿ ಅರ್ಧ ಸತ್ಯವಿದೆ. ಹೊಸ ಪೆಟ್ಟಿಗೆ ತಂಪು ಬೇಕು, ನಿಜ. ಆದರೆ ಚಳಿ ದೇಶದ ಸಮುದ್ರಕ್ಕೆ ಹೇಳಿದ ಮಾತು ನಮ್ಮ ಅರಬ್ಬಿ ಸಮುದ್ರಕ್ಕೆ ಹೊಂದುವುದಿಲ್ಲ. ನಮ್ಮ ಕಡಲ ನೀರು ಸುಮಾರು 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ; ಊತ ಇಳಿಸುವಷ್ಟು ತಂಪು ಅದರಲ್ಲಿಲ್ಲ. ಅಲೆಯ ಎಳೆತಕ್ಕೆ ಕುದುರೆ ಕಾಲು ಬಿಗಿಹಿಡಿದು ನಿಲ್ಲಬೇಕಾಗುತ್ತದೆ, ಹೊಸ ಪೆಟ್ಟಿಗೆ ಅದು ಒಳ್ಳೆಯದಲ್ಲ.

ನಿಮಗೆ ಬೇಕಾದದ್ದು ಮೀನಿನ ಬಂದರಿನ ಐಸ್. ಆಳದ ಬಕೆಟ್ಟಿಗೆ ಬಾವಿ ನೀರು, ಪುಡಿ ಐಸ್ ಹಾಕಿ ಕಾಲನ್ನು ಊತ ಮುಳುಗುವಷ್ಟು ಇಳಿಸಿ 15ರಿಂದ 20 ನಿಮಿಷ ಹಿಡಿಯಿರಿ. ದಿನಕ್ಕೆ ಮೂರು ನಾಲ್ಕು ಸಲ, ಮೊದಲ ಎರಡು ಮೂರು ದಿನ. ಉಪ್ಪು ಬೆರೆಸಿದ ಐಸ್ ಮಾತ್ರ ಬೇಡವೇ ಬೇಡ: ಉಪ್ಪು ಸೇರಿದರೆ ಅದು ಸೊನ್ನೆ ಡಿಗ್ರಿಗಿಂತಲೂ ಕೆಳಗಿಳಿದು ಚರ್ಮ ಸುಡುತ್ತದೆ. ಕೊಳ್ಳುವಾಗ ಕೇಳಿಕೊಳ್ಳಿ.

ಐಸ್ ತೆಗೆದ ಮೇಲೆ ಕಾಲು ಒರೆಸಿ ಹತ್ತಿಯನ್ನು ದಪ್ಪಗೆ, ಗಂಟು ಮಡಿಕೆ ಇಲ್ಲದಂತೆ ಸುತ್ತಿ, ಅದರ ಮೇಲೆ ಕ್ರೇಪ್ ಬ್ಯಾಂಡೇಜನ್ನು ಒಂದೇ ಸಮನಾದ ಬಿಗಿಯಲ್ಲಿ ಕಟ್ಟಿ. ಹತ್ತಿ ತೆಳ್ಳಗಿದ್ದು ಒಂದು ಸುತ್ತು ಮಾತ್ರ ಬಿಗಿಯಾದರೆ ಆ ಬ್ಯಾಂಡೇಜೇ ರಜ್ಜಿಗೆ ಹೊಸ ಪೆಟ್ಟು ಮಾಡುತ್ತದೆ. ಬೆಳಿಗ್ಗೆ ಸಂಜೆ ಬಿಚ್ಚಿ ನೋಡಿ ಮತ್ತೆ ಕಟ್ಟಿ. ಭಾರವೆಲ್ಲ ಬಲಗಾಲಿಗೆ ಬಿದ್ದಿರುವುದರಿಂದ ಅದಕ್ಕೂ ಬ್ಯಾಂಡೇಜ್ ಬೇಕು. ನಿಲ್ಲುವ ಜಾಗ ಸಿಮೆಂಟಿನದಾದರೆ ದರಕನ್ನೋ ಒಣಹುಲ್ಲನ್ನೋ ದಪ್ಪಗೆ ಹಾಸಿ. ಕೆಲಸವಿಲ್ಲದ ಕುದುರೆಗೆ ಹುರುಳಿ, ಧಾನ್ಯ ಕಡಿಮೆ ಮಾಡಿ ಹುಲ್ಲು ಹೆಚ್ಚಿಸಿ.

ನಿಂತಾಗ ಗೊರಸಿನ ತುದಿ ಮೇಲಕ್ಕೆದ್ದರೆ ಅಥವಾ ಗೊರಸಿನ ಮೇಲಿನ ಕೀಲು ನೆಲದತ್ತ ಕುಸಿದರೆ ರಜ್ಜು ಪೂರ್ತಿ ಹರಿದಿರಬಹುದು. ಆಗ ಮನೆಮದ್ದು ಮಾಡುತ್ತಾ ಕೂರಬೇಡಿ, 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾಲಯವನ್ನು ಕರೆಸಿ.

ಇನ್ನು ನೀವು ಕೇಳಿದ ದಿನಗಳ ಲೆಕ್ಕ. ಬಿಸಿ, ಊತ, ಕುಂಟು ಕೆಲವು ವಾರಗಳಲ್ಲೇ ಹೋಗುತ್ತವೆ. ಅಪಾಯ ಶುರುವಾಗುವುದು ಆಗಲೇ. ಒಳಗೆ ಹರಿದ ಜಾಗವನ್ನು ಮೊದಲು ತುಂಬುವುದು ಅಡ್ಡಾದಿಡ್ಡಿಯಾದ, ಬಲವಿಲ್ಲದ ಎಳೆಗಳು. ಅವು ಉದ್ದಕ್ಕೆ ಸಾಲುಗಟ್ಟಿ ಗಟ್ಟಿಯಾಗಲು 9ರಿಂದ 12 ತಿಂಗಳು ಬೇಕು. ಕುಂಟುವುದು ನಿಂತಿತೆಂದು ಎರಡನೇ ತಿಂಗಳಿಗೆ ಜೀನು ಹಾಕಿದ ಕುದುರೆಗಳು ಮೊದಲಿಗಿಂತ ದೊಡ್ಡ ಪೆಟ್ಟು ಮಾಡಿಕೊಳ್ಳುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ.

ಹಾಗೆಂದು ವರ್ಷವಿಡೀ ಕಟ್ಟಿಹಾಕುವುದೂ ತಪ್ಪು. ಎಳೆಗಳು ಸಾಲುಗಟ್ಟುವುದು ಹದವಾದ ಎಳೆತಕ್ಕೆ ಮಾತ್ರ. ಮೊದಲ ಎರಡು ವಾರ ವಿಶ್ರಾಂತಿ. ಆಮೇಲೆ ಹಗ್ಗ ಹಿಡಿದು, ಬೆನ್ನ ಮೇಲೆ ಯಾರೂ ಇಲ್ಲದೆ, ಸಮತಟ್ಟಾದ ಗಟ್ಟಿ ನೆಲದಲ್ಲಿ ದಿನಕ್ಕೆರಡು ಸಲ ಹತ್ತು ನಿಮಿಷ ನಡೆಸಿ. ವಾರಕ್ಕೊಮ್ಮೆ ಐದು ನಿಮಿಷ ಏರಿಸುತ್ತಾ ಅರ್ಧ ಗಂಟೆಗೆ ತನ್ನಿ. ಪ್ರತಿ ದಿನ ನಡೆಸುವ ಮೊದಲು ಎರಡೂ ಕಾಲಿನ ರಜ್ಜನ್ನು ಅಂಗೈಯಲ್ಲಿ ಹಿಡಿದು ಬಿಸಿ ಹೋಲಿಸಿ. ಬಿಸಿ ಹೆಚ್ಚಿದ್ದರೆ ಹಿಂದಿನ ವಾರದ ಅಳತೆಗೆ ಮರಳಿ. ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿಸದೆ ಓಟಕ್ಕೆ ಬಿಡಬೇಡಿ. ಕುಂಟುವ ಕುದುರೆಯನ್ನು ಲಾರಿ ಹತ್ತಿಸುವ ಮೊದಲು ಈ ಸ್ಕ್ಯಾನ್ ಅಲ್ಲಿ ಆಗುತ್ತದೆಯೇ ಎಂದು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿ. ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯವರನ್ನೂ ಕೇಳಿ.

ಈ ಸೀಸನ್ ಹೋಯಿತು ಎಂದೇ ಹೇಳಬೇಕು. ಹಾಗೆ ಬರೆಯುವುದು ನನಗೆ ಸುಲಭವಲ್ಲ, ನಿಮ್ಮ ಮನೆಯ ಪರಿಸ್ಥಿತಿ ಗೊತ್ತಿದೆ. ಆದರೆ ಒಂಬತ್ತು ವರ್ಷದ ಕುದುರೆಗೆ ಮುಂದೆ ಇನ್ನೂ ಹತ್ತು ವರ್ಷದ ದುಡಿಮೆ ಇದೆ. ಅದನ್ನು ಈ ಒಂದು ಸೀಸನ್ನಿಗಾಗಿ ಕಳೆದುಕೊಳ್ಳಬೇಡಿ.

ಪ್ರಶ್ನೆ: ಕಾರವಾರದಲ್ಲಿ ಪ್ರೀತಿಗೆಂದು ಒಂದು ಕುದುರೆ ಸಾಕಿದ್ದೇನೆ. ಹಿಂಗಾಲು ಹಳೆಯ ನೋವು. ಅಯಸ್ಕಾಂತದ ಬೂಟು, ಲೇಸರ್ ಯಂತ್ರ ತರಿಸಿಕೊಳ್ಳಿ ಎನ್ನುತ್ತಾರೆ. ಬೆಲೆ ಬಹಳ. ತರಿಸಲೇ?

ಉತ್ತರ: ನೋವು ಎಲ್ಲಿದೆ ಎಂದು ಯಾರಾದರೂ ಕಂಡುಹಿಡಿದಿದ್ದಾರೆಯೇ? ನಿಮ್ಮ ಪತ್ರದಲ್ಲಿ ಆ ಮಾತಿಲ್ಲ. ಗೊರಸಿನ ಕೀವು, ಮಂಡಿಯ ಕೀಲು, ಬೆನ್ನು, ಯಾವುದು ನೊಂದರೂ ಹಿಂಗಾಲು ಕುಂಟುತ್ತದೆ. ದುಡ್ಡು ಮೊದಲು ಪರೀಕ್ಷೆಗೆ ಖರ್ಚಾಗಲಿ. ಲಾಳ ಕಟ್ಟಿ ಆರು ವಾರ ದಾಟಿದ್ದರೆ ಅದನ್ನೂ ಇವತ್ತೇ ನೋಡಿಸಿ.

ಅಯಸ್ಕಾಂತದ ಬೂಟಿನಿಂದ ಕುದುರೆಯ ಕಾಲು ಗುಣವಾಗುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲ, ಬೇಡ. ವಿದ್ಯುತ್ತಿನಿಂದ ಮಿಡಿಯುವ ಕಾಂತಕ್ಷೇತ್ರದ ಯಂತ್ರ ಬೇರೆಯದೇ ವಸ್ತು. ಮನುಷ್ಯರಲ್ಲಿ ಮುರಿದು ಕೂಡಿಕೊಳ್ಳದ ಎಲುಬಿಗೆ ಅದನ್ನು ಬಳಸಲು ಅಮೆರಿಕ 1979ರಲ್ಲೇ ಒಪ್ಪಿಗೆ ಕೊಟ್ಟಿತು. ಆ ಒಪ್ಪಿಗೆಯನ್ನೇ ತೋರಿಸಿ ಕುದುರೆಯ ಎಲ್ಲ ನೋವಿಗೂ ಇದು ಮದ್ದು ಎಂದು ಮಾರುವುದು ನ್ಯಾಯವಲ್ಲ. ಲೇಸರಿನಿಂದ ಕೆಲವು ರಜ್ಜಿನ ಗಾಯಗಳಿಗೆ ಉಪಯೋಗವಾಗಬಹುದು, ಆದರೆ ದಟ್ಟ ಕೂದಲು, ಕಪ್ಪು ಚರ್ಮ ಬೆಳಕನ್ನು ಹೀರಿಕೊಂಡು ಬಿಸಿಯೇರುತ್ತವೆ, ಕಣ್ಣಿಗೂ ಅಪಾಯ. ತರಬೇತಿ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವ ಸಾಮಾನಲ್ಲ ಅದು.

ಇವೆಲ್ಲದರಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಶಾಕ್‌ವೇವ್ ಚಿಕಿತ್ಸೆಗೆ, ಅಂದರೆ ಯಂತ್ರದಿಂದ ಒತ್ತಡದ ಅಲೆಗಳನ್ನು ನೋವಿನ ಜಾಗಕ್ಕೆ ಹಾಯಿಸುವುದಕ್ಕೆ. ಕಾಲಿನ ಹಿಂಬದಿಯ ಅಸ್ಥಿಬಂಧ (ಲಿಗಮೆಂಟ್) ಎಲುಬಿಗೆ ಅಂಟುವ ಜಾಗದಲ್ಲಿ ನೋವಿದ್ದರೆ ಅದರಿಂದ ಅನೇಕ ಕುದುರೆಗಳಿಗೆ ಒಳ್ಳೆಯದಾಗಿದೆ. ಅದನ್ನು ವೈದ್ಯರೇ ಮಾಡಬೇಕು. ಮಾಡಿಸಿದ ಕೆಲವು ದಿನ ಆ ಜಾಗದ ನೋವು ಮಂಕಾಗಿರುತ್ತದೆ. ಕುದುರೆ ಚೆನ್ನಾಗಿ ನಡೆಯಿತೆಂದು ಆಗ ಸವಾರಿ ಮಾಡಿದರೆ ಪೆಟ್ಟು ಹೆಚ್ಚುತ್ತದೆ.

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಿಂದ. ಮದುವೆ ಮೆರವಣಿಗೆಗೆ ಕೊಡುವ ಕುದುರೆ ಬೆನ್ನು ಮುಟ್ಟಿದರೆ ಕುಗ್ಗುತ್ತದೆ. ಎಣ್ಣೆ ಹಚ್ಚಿ ತಿಕ್ಕಬಹುದೇ?

ಉತ್ತರ: ತಿಕ್ಕಬಹುದು, ಎಣ್ಣೆ ಬೇಕೆಂದಿಲ್ಲ. ಎಣ್ಣೆಗೆ ಧೂಳು ಹಿಡಿದು ಜೀನಿನ ಕೆಳಗೆ ಹುಣ್ಣಾಗುತ್ತದೆ. ಬೆನ್ನೆಲುಬಿನ ಮೇಲೆ ಒತ್ತದೆ, ಅದರ ಎರಡೂ ಬದಿಯ ಮಾಂಸಖಂಡದ ಮೇಲೆ ಅಂಗೈಯಿಂದ ನಿಧಾನಕ್ಕೆ ಒತ್ತುತ್ತಾ ಹೋಗಿ. ಕುದುರೆ ತಲೆ ಇಳಿಸಿ ತುಟಿ ಸಡಿಲ ಬಿಟ್ಟರೆ ಹದ ಸರಿಯಿದೆ. ಕಿವಿ ಹಿಂದಕ್ಕೆ ಹೋದರೆ ನಿಲ್ಲಿಸಿ.

ಆದರೆ ನೋವಿನ ಮೂಲ ಜೀನಿನಲ್ಲಿರುವ ಸಾಧ್ಯತೆಯೇ ಹೆಚ್ಚು. ಜರಿ, ಕನ್ನಡಿ ಹೊದಿಸಿದ ಮೆರವಣಿಗೆಯ ಜೀನುಗಳು ಎಷ್ಟೋ ಸಲ ನೇರವಾಗಿ ಬೆನ್ನೆಲುಬಿನ ಮೇಲೆ ಕೂರುತ್ತವೆ. ಜೀನು ಕಟ್ಟಿದಾಗ ಬೆನ್ನೆಲುಬಿಗೂ ಜೀನಿಗೂ ನಡುವೆ ಉದ್ದಕ್ಕೂ ಬೆಳಕು ಕಾಣಬೇಕು. ಬಿಚ್ಚಿದ ಮೇಲೆ ಬೆವರಿನ ಗುರುತು ನೋಡಿ: ಸುತ್ತ ಒದ್ದೆಯಾಗಿ ನಡುವೆ ಒಣಗಿದ ಚುಕ್ಕೆ ಇದ್ದರೆ ಅಲ್ಲಿ ಜೀನು ಅತಿಯಾಗಿ ಒತ್ತುತ್ತಿದೆ.

ಜೀನು ಸರಿಮಾಡಿಸಿದ ಮೇಲೆ ಒಂದು ವ್ಯಾಯಾಮ ಶುರುಮಾಡಿ. ಇದಕ್ಕೆ ಬೇಕಾದ್ದು ಪೇಟೆಯ ಕ್ಯಾರೆಟ್ಟು ಮಾತ್ರ. ಕುದುರೆಯನ್ನು ನಾಲ್ಕೂ ಕಾಲು ಸಮನಾಗಿ ಊರಿಸಿ ನಿಲ್ಲಿಸಿ ಕ್ಯಾರೆಟ್ ತೋರಿಸುತ್ತಾ ಅದರ ಮೂತಿಯನ್ನು ಎದೆಗೆ, ಮುಂಗಾಲುಗಳ ನಡುವೆ, ಆಮೇಲೆ ಎಡ ಬಲ ಪಕ್ಕೆಗೆ ತನ್ನಿ. ಕೆಲವು ಕ್ಷಣ ಹಿಡಿಸಿ ಕ್ಯಾರೆಟ್ ಕೊಡಿ. ಪ್ರತಿಯೊಂದೂ ಐದು ಸಲ, ವಾರಕ್ಕೆ ಐದು ದಿನ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಎಂಟು ಕುದುರೆಗಳಿಗೆ ಮೂರು ತಿಂಗಳು ಹೀಗೆ ಮಾಡಿಸಿ ಸ್ಕ್ಯಾನ್ ಮಾಡಿದಾಗ, ಬೆನ್ನೆಲುಬಿಗೆ ಆಸರೆಯಾಗುವ ಒಳ ಸ್ನಾಯುಗಳು ದಪ್ಪವಾಗಿದ್ದವು. ಇದು 2011ರ ಅಧ್ಯಯನ. ಹಣವಿಲ್ಲದವರೂ ಮಾಡಬಹುದಾದದ್ದು ಎಂಬುದಕ್ಕೇ ನನಗೆ ಇದು ಬಹಳ ಇಷ್ಟ.

ಪ್ರಶ್ನೆ: ಕುಮಟಾದಿಂದ. ಬೆಂಗಳೂರಿನಿಂದ ತಂದ ಕುದುರೆ ಇಲ್ಲಿ ಬೆವರುವುದೇ ಇಲ್ಲ, ಏದುಸಿರು ಬಿಡುತ್ತದೆ. ಬಿಸಿಯಾದ ಮೈಗೆ ತಣ್ಣೀರು ಹಾಕಿದರೆ ಸ್ನಾಯು ಹಿಡಿದುಕೊಳ್ಳುತ್ತದೆ ಎನ್ನುತ್ತಾರೆ, ಹೌದೇ?

ಉತ್ತರ: ಅಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸಿನ ಬೇಸಿಗೆಗೆಂದೇ ಈ ಬಗ್ಗೆ ಸಂಶೋಧನೆ ನಡೆದು, ಓಡಿಬಂದ ಕುದುರೆಗಳ ಮೈಮೇಲೆ ಐಸ್ ಬೆರೆತ ನೀರು ಹೊಯ್ದೇ ತಂಪು ಮಾಡಿದರು. ಸ್ನಾಯು ಹಿಡಿಯಲಿಲ್ಲ. ನೀವೂ ಮೈಯೆಲ್ಲ ನೆನೆಯುವಂತೆ ಬಾವಿ ನೀರನ್ನು ಬಿಡದೆ ಹೊಯ್ಯಿರಿ, ಫ್ಯಾನ್ ಹಾಕಿ, ಕುಡಿಯಲು ನೀರು ಕೊಡಿ.

ಸೆಕೆ, ತೇವ ಎರಡೂ ಇರುವ ಕರಾವಳಿಯಲ್ಲಿ ಕೆಲವು ಕುದುರೆಗಳ ಬೆವರು ಗ್ರಂಥಿಗಳು ಕೆಲಸ ನಿಲ್ಲಿಸುತ್ತವೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆಯ ಮೈಬಿಸಿ 37.5ರಿಂದ 38.5 ಡಿಗ್ರಿ, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಒಂದು ಥರ್ಮಾಮೀಟರ್ ತಂದು ದಿನವೂ ಬರೆದಿಡಿ. 40 ಡಿಗ್ರಿ ದಾಟಿದರೆ ನೀರು ಹೊಯ್ಯುತ್ತಲೇ ವೈದ್ಯರನ್ನು ಕರೆಸಿ. ಬಿಸಿಲೇರಿದ ಮೇಲೆ ಕೆಲಸ ಬೇಡವೇ ಬೇಡ. ಇಷ್ಟು ಮಾಡಿಯೂ ಬೆವರು ಮರಳದಿದ್ದರೆ ಬೇಸಿಗೆ ಮುಗಿಯುವವರೆಗೆ ಘಟ್ಟದ ಮೇಲೆ ಯಾರಲ್ಲಾದರೂ ಬಿಡುವ ವ್ಯವಸ್ಥೆ ಮಾಡಿ. ತಂಪು ಹವೆಯಲ್ಲಿ ಎಷ್ಟೋ ಕುದುರೆಗಳು ಮತ್ತೆ ಬೆವರಲು ಶುರುಮಾಡುತ್ತವೆ. ಶಿರಸಿ ಕಡೆ ಜಾಗ ಬೇಕಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ಕೊಟ್ಟಿಗೆ ಖಾಲಿ ಇರುವವರನ್ನು ನಾನೇ ವಿಚಾರಿಸಿ ತಿಳಿಸುತ್ತೇನೆ.