ಹೊತ್ತಿಗೆ ಬರುವ ಬಸ್ಸು

ಓದುಗರ ಪತ್ರ: ಪಕ್ಕದಲ್ಲೇ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಬಂತು. ಆದರೂ ನಮ್ಮೂರಲ್ಲಿ ಕಬ್ಬು ಕಡಿಯಲು ಆಳಿಲ್ಲ. ಬೆಳಗಾದರೆ ಹೆಂಗಸರೆಲ್ಲ ಗಾರ್ಮೆಂಟ್ಸ್‌ಗೆ ಹೊರಡುತ್ತಾರೆ. ಬಸ್ಸು ಫ್ರೀ ಮಾಡಿದ್ದೇ ತಪ್ಪು. ಹೀಗಾದರೆ ಹಳ್ಳಿ ಉದ್ಧಾರ ಆಗೋದು ಹೇಗೆ? (ಓದುಗರೊಬ್ಬರು, ಪಾಂಡವಪುರ ತಾಲ್ಲೂಕು)

ಸಂಪಾದಕರ ಉತ್ತರ: ನಿಮ್ಮ ಸಂಕಟ ನನಗೆ ಗೊತ್ತು. ಆಳು ಸಿಕ್ಕ ದಿನ ಲಾರಿ ಇಲ್ಲ, ಲಾರಿ ಬಂದ ದಿನ ಆಳಿಲ್ಲ. ಕಡಿದ ಕಬ್ಬು ಗದ್ದೆಯಲ್ಲೇ ಬಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ನಮ್ಮ ಮನೆಯಲ್ಲೂ ಅದನ್ನು ನೋಡಿಯೇ ಬೆಳೆದವನು ನಾನು. ಆದರೆ ತಪ್ಪನ್ನು ಬಸ್ಸಿನ ಮೇಲೆ ಹೊರಿಸಿದ್ದೀರಲ್ಲ, ಅದನ್ನು ಒಪ್ಪಲಾರೆ.

ಮೊದಲು ದಶಪಥ. ಅದು ಉದ್ಘಾಟನೆಯಾಗಿದ್ದು 2023ರ ಮಾರ್ಚ್‌ನಲ್ಲಿ, ನಮ್ಮ ಮದ್ದೂರಿನ ಗೆಜ್ಜಲಗೆರೆಯಲ್ಲೇ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಅದರ ಮುಖ್ಯ ದಾರಿ ಹತ್ತುವಂತಿಲ್ಲ. ಮದ್ದೂರಿನ ಎಳನೀರು ತುಂಬಿದ ಲಾರಿಗೆ ಅನುಕೂಲವಾಗಿರಬಹುದು. ನಿಮ್ಮ ಟ್ರ್ಯಾಕ್ಟರಿಗೆ ಸರ್ವಿಸ್ ರಸ್ತೆಯೇ ಗತಿ. ಬೆಂಗಳೂರು, ಮೈಸೂರನ್ನು ಹತ್ತಿರ ಮಾಡಲು ಹಾಕಿದ ದಾರಿ ನಿಮ್ಮೂರಿಗೆ ಆಳು ತರುತ್ತದೆ ಅಂತ ಕಾಯುವುದು ಸುಮ್ನೆ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಉಳಿದು ಅಧ್ಯಯನ ಮಾಡಿದರು. ಒಂದಕ್ಕೆ ಕೆಆರ್‌ಎಸ್ ನಾಲೆಯ ನೀರು ಬಂದಿತ್ತು. ಇನ್ನೊಂದರ ಜಮೀನು ಎತ್ತರದಲ್ಲಿದ್ದು ನೀರು ಹತ್ತಲಿಲ್ಲ. ನೀರು ಬಂದ ಊರು ಕಬ್ಬು, ಭತ್ತ ಬೆಳೆದು ಉಂಡುಟ್ಟು ಚೆನ್ನಾಗಿತ್ತು. ಆದರೆ ಒಡೆಯ, ಆಳು ಅನ್ನುವ ಹಳೆಯ ಸಂಬಂಧ ಹೆಚ್ಚು ಅಲುಗಲಿಲ್ಲ. ನೀರು ಬಾರದ ಊರಿನವರು ಮಂಡ್ಯ ಪೇಟೆಯತ್ತ ಮುಖ ಮಾಡಿದರು. ಕೆಲಸಕ್ಕೆ ಸೇರಿದರು, ವ್ಯಾಪಾರಕ್ಕಿಳಿದರು, ಪಕ್ಕದೂರಲ್ಲಿ ನೀರಾವರಿ ಜಮೀನನ್ನೂ ಕೊಂಡರು. ಊರೊಳಗಿನ ಕಟ್ಟುಪಾಡು ಜಾಸ್ತಿ ಬದಲಾಗಿದ್ದು ಅಲ್ಲೇ. 1933ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಯಿಂದಾಗಿ ಮಂಡ್ಯ ಪೇಟೆ ಬೆಳೆದಿತ್ತು. ಅಲ್ಲಿಗೆ ದಿನಾ ಹೋಗಿ ಬರುವಷ್ಟು ದೂರದಲ್ಲಿ ಆ ಊರಿತ್ತು. ನಿಮ್ಮೂರ ಹೆಂಗಸರು ಇವತ್ತು ಮಾಡುತ್ತಿರುವುದೂ ಅದನ್ನೇ ಅಲ್ವಾ?

ಹೆಂಗಸರಿಗೆ ಬಸ್ಸು ಫ್ರೀ ಮಾಡಿದ ಶಕ್ತಿ ಯೋಜನೆ ಬಂದಿದ್ದು 2023ರ ಜೂನ್ 11ಕ್ಕೆ. ಹೆಂಗಸರು ಗಾರ್ಮೆಂಟ್ಸ್‌ಗೆ ಹೋಗಲು ಶುರು ಮಾಡಿದ್ದು ಅದಕ್ಕೂ ಎಷ್ಟೋ ಮುಂಚೆ. ಈಗ ಬಸ್ ಚಾರ್ಜಿಗೆ ಹೋಗುತ್ತಿದ್ದ ದುಡ್ಡು ಕೈಯಲ್ಲಿ ಉಳಿಯುತ್ತಿದೆ, ಅಷ್ಟೇ. ಅಲ್ಲೇನೂ ಸುಖವಿಲ್ಲ. ದಿನವಿಡೀ ಮಿಷಿನ್ ಮುಂದೆ ಕೂರಬೇಕು. ಆದರೂ ತಿಂಗಳಿಗೆ ಸಂಬಳ, ಪಿಎಫ್, ತಲೆ ಮೇಲೆ ನೆರಳು. ನಮ್ಮ ಗದ್ದೆಯಲ್ಲಿ? ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ. ನಾಟಿ ಹಾಕಿ ಸೊಂಟ ಮುರಿಯುವುದು ಹೆಣ್ಣಿನದು, ಕಡಿಮೆ ದುಡ್ಡೂ ಅವಳಿಗೇ. ಇದನ್ನು ಸರಿಮಾಡದೆ "ಆಳಿಲ್ಲ" ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬಳ್ಳಾರಿ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗ್‌ಗಳು ಬರುತ್ತವಲ್ಲ, ಅವರನ್ನು ನೆನೆಯಿರಿ. ನೂರಾರು ಕಿಲೋಮೀಟರ್ ದೂರದಿಂದ ಮಕ್ಕಳುಮರಿ ಕಟ್ಟಿಕೊಂಡು ಬಂದು ಗುಡಿಸಲು ಹಾಕುತ್ತಾರೆ. ಮೇಸ್ತ್ರಿ ಮುಂಗಡ ಕೊಟ್ಟು, ಗಾಡಿ ಮಾಡಿ ಕರೆತರುತ್ತಾನೆ. ಆಳು ಬರಬೇಕಾದರೆ ಕರೆತರುವ ಏರ್ಪಾಡು ಬೇಕು, ಕೈಗೆ ಕಾಸೂ ಬೇಕು. ಉಳಿದುಕೊಳ್ಳಲು ನೀರು, ಕಕ್ಕಸ್ಸು ಇರುವ ಜಾಗವನ್ನಾದರೂ ನಾವು ಕೊಡಬೇಡವೇ?

ಇನ್ನು ಡೈರಿ ನೋಡಿ. ಹಾಲಿನ ಗಾಡಿ ದಿನಾ ಹೊತ್ತಿಗೆ ಸರಿಯಾಗಿ ಬರುತ್ತದೆ. ಆ ನಂಬಿಕೆಯ ಮೇಲೇ ಎಷ್ಟೋ ಮನೆಗಳು ಹಸು ಕಟ್ಟಿವೆ. ಬಸ್ಸೂ ಹಾಗೇ ಬಂದರೆ ಪಕ್ಕದ ಒಣ ಭೂಮಿಯ ಊರಿನಿಂದ ಕೂಲಿಯವರು ನಿಮ್ಮಲ್ಲಿಗೆ ಬಂದು ಸಂಜೆ ಮನೆ ಸೇರಬಹುದು. ಗಾರ್ಮೆಂಟ್ಸ್ ಬಿಟ್ಟವಳು ನಿಮ್ಮೂರಲ್ಲೇ ಸೊಪ್ಪು ಬೆಳೆದು ಮೈಸೂರಿಗೆ ಒಯ್ಯಬಹುದು.

ನಿಮ್ಮೂರಿಗೆ ನೈಟ್ ಹಾಲ್ಟ್ ಬಸ್ ಇದೆಯೇ? ಪತ್ರದಲ್ಲಿ ಬರೆದಿಲ್ಲ. ಇಲ್ಲದಿದ್ದರೆ ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿ, ಡಿಪೋ ಮ್ಯಾನೇಜರಿಗೆ ಅರ್ಜಿ ಕೊಡಿ. ಮೊದಲ ಸಹಿ ಗಾರ್ಮೆಂಟ್ಸ್‌ಗೆ ಹೋಗುವ ಆ ಹೆಂಗಸರದೇ ಇರಲಿ. ಯಾವ ಹೊತ್ತಿಗೆ ಬಸ್ಸು ಬೇಕು ಅಂತ ಅವರಿಗೇ ಚೆನ್ನಾಗಿ ಗೊತ್ತು. ಅರ್ಜಿಯ ಒಂದು ಪ್ರತಿ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.